ಕಣ್ಣಿಗೆ ಮರೆಯಾದ ಮೂಲೆಗಳು

ಮನೆಯನ್ನು ಶುಚಿಯಾಗಿಡುವ ವಿಷಯದಲ್ಲಿ ನಮ್ಮ ಸೀಮೆಯ ಗೃಹಿಣಿಯರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಯಾವ ಊರಿಗೆ ಹೋದರೂ ಬೆಳಗಿನ ಹೊತ್ತಿಗೆ ಅಂಗಳವನ್ನು ಗುಡಿಸಿ, ನೀರು ಚಿಮುಕಿಸಿ, ಹೊಸ್ತಿಲನ್ನು ತೊಳೆದು ರಂಗೋಲಿ ಹಾಕಿರುವುದನ್ನು ಕಾಣುತ್ತೇವೆ. ಮಹಾನವಮಿ ಸಮೀಪಿಸಿತೆಂದರೆ ಗೋಡೆಗಳು ಸುಣ್ಣಬಣ್ಣ ಕಾಣುತ್ತವೆ. ಮನೆಯಲ್ಲಿರುವ ಕೌದಿ, ಕಂಬಳಿ, ಜಮಖಾನೆಗಳೆಲ್ಲ ಒಗೆತಕ್ಕೆ ಹೊರಡುತ್ತವೆ. ಇಷ್ಟೆಲ್ಲ ಇದ್ದರೂ ಮಳೆಗಾಲ ಕಳೆಯುವಷ್ಟರಲ್ಲಿ ಇವೇ ಮನೆಗಳಲ್ಲಿ ಜ್ವರ, ಕೀಲುನೋವು, ಕೆಮ್ಮು, ಉಬ್ಬಸಗಳು ತಲೆದೋರುವುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದಕ್ಕೆ ಉತ್ತರವು ಸರಳವಾಗಿದೆ. ನಮ್ಮ ಶುಚಿತ್ವವು ಬಹುಮಟ್ಟಿಗೆ ಕಣ್ಣಿನ ಹಿಂದೆ ನಡೆಯುವಂಥದು. ಮನೆಗೆ ಬಂದ ಬೀಗರ ದೃಷ್ಟಿ ಎಲ್ಲಿ ಬೀಳುವುದೋ ಅಲ್ಲಿ ನಮ್ಮ ಕಸಬರಿಗೆ ಮೊದಲು ಹೋಗುತ್ತದೆ. ರೋಗವಾದರೋ ಯಾರ ದೃಷ್ಟಿಯೂ ಬೀಳದ ಎಡೆಯನ್ನೇ ಹುಡುಕಿಕೊಂಡು ಹೋಗಿ ನೆಲಸುತ್ತದೆ. ಆದುದರಿಂದ ಪಡಸಾಲೆಯ ಶುಚಿತ್ವವನ್ನು ಬಿಟ್ಟು, ಸಾಮಾನ್ಯವಾಗಿ ನಾವು ಗಮನಿಸದೆ ಹೋಗುವ ಕೆಲವು ಸ್ಥಳಗಳನ್ನು ಮಾತ್ರ ಈ ಲೇಖನದಲ್ಲಿ ಪರಿಶೀಲಿಸೋಣ.

ನೀರಿನ ತೊಟ್ಟಿಯ ಒಳಗೋಡೆ

ನಳದ ನೀರು ಬಂದಾಗ ತುಂಬಿಟ್ಟುಕೊಳ್ಳುವುದು ನಮ್ಮ ಮನೆಗಳ ರೂಢಿ. ಹಿತ್ತಲಿನ ತೊಟ್ಟಿ, ಬಚ್ಚಲಿನ ಬಾನಿ, ಮೂಲೆಯ ಹರವಿ, ಪ್ಲಾಸ್ಟಿಕ್ ಡ್ರಮ್ಮು, ಮಾಳಿಗೆಯ ಮೇಲಿನ ಟಾಕಿ - ಇವುಗಳಲ್ಲಿ ಒಂದಿಲ್ಲೊಂದು ಇಲ್ಲದ ಮನೆಯೇ ಇಲ್ಲ. ಇವುಗಳಲ್ಲಿಯ ನೀರು ನಿರ್ಮಲವಾಗಿ ಕಾಣುತ್ತದೆ. ಈ ನಿರ್ಮಲತೆಯೇ ನಮ್ಮನ್ನು ವಂಚಿಸುವಂಥದು. ಮಲೇರಿಯಾ ಹರಡುವ ಸೊಳ್ಳೆಗಳು ಬೇರೆ. ಡೆಂಗಿ ಮತ್ತು ಚಿಕೂನ್‌ಗುನ್ಯಾ ಜ್ವರಗಳನ್ನು ಹರಡುವ ಈಡಿಸ್ ಸೊಳ್ಳೆಯ ಜಾತಿ ಬೇರೆ. ಕಾಲುಗಳ ಮೇಲೆ ಬಿಳಿಯ ಪಟ್ಟೆಗಳುಳ್ಳ ಈ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಗಟಾರದ ಕೊಳೆನೀರಿಗಿಂತ ಮನೆಯೊಳಗೆ ಶೇಖರಿಸಿಟ್ಟ ತಿಳಿನೀರನ್ನೇ ಹೆಚ್ಚಾಗಿ ಆಶ್ರಯಿಸುತ್ತದೆ.

ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಅಂಶವೊಂದಿದೆ. ಈಡಿಸ್ ಸೊಳ್ಳೆಯು ತನ್ನ ತತ್ತಿಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒದ್ದೆಯಾದ ಗೋಡೆಗೆ ಅಂಟಿಸಿಡುತ್ತದೆ. ಗಸಗಸೆಯಷ್ಟೂ ಇಲ್ಲದ ಆ ಕಪ್ಪು ತತ್ತಿಗಳು ನೀರು ಬತ್ತಿದರೂ ಸಾಯುವುದಿಲ್ಲ. ತಿಂಗಳುಗಟ್ಟಲೆ ಒಣಗಿದ ಸ್ಥಿತಿಯಲ್ಲಿಯೇ ಇದ್ದು, ಮತ್ತೆ ನೀರು ತಗಲಿದೊಡನೆ ಒಡೆದು ಮರಿಯಾಗುತ್ತವೆ. ಬೇಸಿಗೆಯಲ್ಲಿ ಒಣಗಿ ಬಿದ್ದ ತೊಟ್ಟಿಯು ಜೂನ್ ತಿಂಗಳಲ್ಲಿ ತುಂಬಿದ ಕೂಡಲೇ ಸೊಳ್ಳೆಗಳ ತವರಾಗುವ ಗುಟ್ಟು ಇದೇ. ತತ್ತಿಯೊಡೆದ ಮರಿಯು ಹಾರುವ ಸೊಳ್ಳೆಯಾಗಲು ಬೆಚ್ಚಗಿನ ಹವೆಯಲ್ಲಿ ಸುಮಾರು ೭ ರಿಂದ ೧೦ ದಿನಗಳು ಸಾಕು. ಆದ್ದರಿಂದ ತೊಟ್ಟಿಯ ನೀರನ್ನು ಚೆಲ್ಲಿದರಷ್ಟೇ ಕೆಲಸ ಮುಗಿಯಲಿಲ್ಲ. ವಾರಕ್ಕೊಮ್ಮೆ ಅದನ್ನು ಬರಿದು ಮಾಡಿ, ಒಳಗೋಡೆಯನ್ನು ತೆಂಗಿನ ನಾರಿನಿಂದಲೋ ಗಡುಸಾದ ಬ್ರಷ್ಷಿನಿಂದಲೋ ತಿಕ್ಕಿ ತೊಳೆದು, ಒಣಗಿಸಿ, ತುಂಬಿದ ಮೇಲೆ ಬಟ್ಟೆ ಇಲ್ಲವೆ ಮುಚ್ಚಳದಿಂದ ಸಂದಿಲ್ಲದಂತೆ ಮುಚ್ಚಬೇಕು. ಬರಿದು ಮಾಡಲಾಗದ ದೊಡ್ಡ ತೊಟ್ಟಿಗಳಿದ್ದರೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ ಗಪ್ಪಿ ಅಥವಾ ಗಾಂಬೂಸಿಯಾ ಮೀನುಗಳನ್ನು ಬಿಡಿಸಬಹುದು. ಅವು ಸೊಳ್ಳೆಯ ಮರಿಗಳನ್ನು ತಿಂದು ಬದುಕುತ್ತವೆ.

ಒಂದು ತೊಟ್ಟಿಯ ನೀರನ್ನು ಚೆಲ್ಲುವುದರಿಂದ ಏನಾದೀತು ಎಂದು ಉಪೇಕ್ಷಿಸುವವರು ಕನ್ನಡನಾಡಿನಲ್ಲಿಯೇ ನಡೆದ ಒಂದು ಸಂಗತಿಯನ್ನು ತಿಳಿಯಬೇಕು. ೧೮೮೩ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯವೈದ್ಯನು ಬೆಂಗಳೂರಿನಲ್ಲಿದ್ದನು. ತನ್ನ ಕೋಣೆಯಲ್ಲಿ ಸೊಳ್ಳೆಗಳ ಕಾಟ ವಿಪರೀತವಾಗಲು, ಕಾರಣವನ್ನು ಹುಡುಕುತ್ತ ಹೋದ ಅವನಿಗೆ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಅವುಗಳ ಮರಿಗಳು ಕಂಡವು. ಪೀಪಾಯಿಯನ್ನು ಮಗುಚಿದೊಡನೆ ಸೊಳ್ಳೆಗಳ ಕಾಟವೂ ತಗ್ಗಿತು. ಇದೇ ರಾಸ್ ಮಹಾಶಯನು ೧೮೯೭ನೆಯ ಆಗಸ್ಟ್ ೨೦ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಕ್ರಿಮಿಯನ್ನು ಕಂಡುಹಿಡಿದು, ೧೯೦೨ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಸೂಕ್ಷ್ಮದರ್ಶಕದ ಆ ಮಹತ್ಕಾರ್ಯಕ್ಕೂ ಮುಂಚೆ, ಯಾರೂ ನೋಡದ ಒಂದು ಪೀಪಾಯಿಯೊಳಗೆ ಇಣಿಕಿ ನೋಡುವ ಬುದ್ಧಿ ಅವನಿಗೆ ಬಂದಿತ್ತೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ನಮ್ಮ ಕಾಲದ ನಿದರ್ಶನವೂ ಇದೆ. ೧೯೭೩ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಪಟ್ಟಣವನ್ನು ಕಾಡಿದ ಚಿಕೂನ್‌ಗುನ್ಯಾ, ಅನಂತರ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಸದ್ದಡಗಿದಂತಿದ್ದು, ೨೦೦೫-೦೬ರಲ್ಲಿ ಮರಳಿ ಬಂದಿತು. ೨೦೦೬ರಲ್ಲಿ ಕರ್ನಾಟಕವೊಂದರಲ್ಲಿಯೇ ಏಳು ಲಕ್ಷಕ್ಕೂ ಮಿಕ್ಕಿದ ಶಂಕಿತ ರೋಗಿಗಳು ದಾಖಲಾದರು. ಮೈ ಬಾಗಿಸಿ ನಡೆಯುವಂತೆ ಮಾಡುವ ರೋಗವೆಂಬುದೇ ಆಫ್ರಿಕದ ಭಾಷೆಯಿಂದ ಬಂದ ಆ ಹೆಸರಿನ ಅರ್ಥ. ದುಡಿಯುವ ಕೈಗಳ ಕೀಲುಗಳನ್ನೇ ಹಿಡಿಯುವ ಈ ಬೇನೆ ನೇಕಾರನಿಗೂ ರೈತನಿಗೂ ಎಂಥ ಹಾನಿಯನ್ನುಂಟುಮಾಡೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫ್ರಿಜ್ಜಿನ ಹಿಂಬದಿಯ ನೀರಿನ ತಟ್ಟೆ, ಏರ್ ಕೂಲರಿನ ತಳ, ಹೂಕುಂಡದ ಅಡಿಯ ಬಸಿ, ಮಾಳಿಗೆಯ ಮೇಲೆ ಎಸೆದ ಹಳೆಯ ಟೈರು, ಹಕ್ಕಿಗಳಿಗೆ ಇಟ್ಟ ನೀರಿನ ಪರಟೆ - ಇವೂ ತೊಟ್ಟಿಯ ಸಾಲಿಗೇ ಸೇರಿದವುಗಳು.

ಮಗ್ಗದ ಕೆಳಗಣ ಹಿಂಜು

ರಬಕವಿ-ಬನಹಟ್ಟಿಗಳಲ್ಲಿ ಮನೆ ಬೇರೆ, ಮಗ್ಗ ಬೇರೆ ಎಂಬ ಭೇದವು ಅನೇಕ ಕುಟುಂಬಗಳಿಗಿಲ್ಲ. ಹಿಂದಿನ ಕುಣಿಮಗ್ಗಗಳಲ್ಲಿ ನೇಕಾರನು ಕಾಲಿಳಿಬಿಟ್ಟು ಕೂಡುವ ಕುಣಿಯು ಹತ್ತಿಯ ಹಿಂಜು, ತೇವ ಹಾಗೂ ಕತ್ತಲೆಗಳಿಗೆ ಆಶ್ರಯವಾಗಿತ್ತು. ಇಂದು ವಿದ್ಯುತ್ ಮಗ್ಗಗಳೇ ಹೆಚ್ಚಾಗಿವೆ. ಆದರೆ ಹಿಂಜು ಹೋಗಲಿಲ್ಲ. ಲಾಳಿಯ ಹೊಡೆತಕ್ಕೂ ಹಣಿಗೆಯ ತಿಕ್ಕಾಟಕ್ಕೂ ನೂಲಿನಿಂದ ಬಿಡಿಸಿಕೊಂಡ ನವಿರಾದ ಎಳೆಗಳು ಗಾಳಿಯಲ್ಲಿ ತೇಲಿ ಜಂತಿಗಳ ಮೇಲೆ, ವಿದ್ಯುತ್ ತಂತಿಗಳ ಮೇಲೆ, ಸ್ವಿಚ್ಚುಗಳ ಪೆಟ್ಟಿಗೆಯೊಳಗೆ, ಮೋಟಾರಿನ ಮೈಮೇಲೆ ಕುಳಿತುಕೊಳ್ಳುತ್ತವೆ.

ಇದರಿಂದಾಗುವ ಅಪಾಯಗಳು ಎರಡು. ಮೊದಲನೆಯದು ಬೆಂಕಿಯದು. ಹತ್ತಿಯ ಹಿಂಜಿಗೆ ಬೆಂಕಿ ಹಿಡಿಯಲು ಒಂದು ಕಿಡಿ ಸಾಕು. ಸಡಿಲವಾದ ತಂತಿಯ ಜೋಡಣೆಯು ಆ ಕಿಡಿಯನ್ನು ಒದಗಿಸುತ್ತದೆ. ಎರಡನೆಯದು ಶ್ವಾಸಕೋಶದ್ದು. ಹತ್ತಿಯ ಧೂಳನ್ನು ಬಹುಕಾಲ ಉಸಿರಾಡುವವರಿಗೆ ಬಿಸಿನೋಸಿಸ್ ಎಂಬ ರೋಗ ಬರುವುದುಂಟು. ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಬಿಗಿದಂತಾಗುವುದು ಇದರ ಮೊದಲ ಸೂಚನೆ. ಹತ್ತಿ ಹಿಂಜುವವರಲ್ಲಿ ಮತ್ತು ನೂಲುವವರಲ್ಲಿ ಇದು ಹೆಚ್ಚು, ನೇಯುವವರಲ್ಲಿ ಕಡಿಮೆ. ಆದರೆ ಮಗ್ಗದ ಕೋಣೆಯಲ್ಲಿಯೇ ಮಗು ಮಲಗುವ ಮನೆಗಳಲ್ಲಿ ಅಲಕ್ಷ್ಯ ಸಲ್ಲದು.

ಸ್ವಚ್ಛಮಾಡುವ ಕ್ರಮವೂ ಇಲ್ಲಿ ಮುಖ್ಯವಾದುದು. ಒಣ ಕಸಬರಿಗೆಯಿಂದ ಬಡಿದರೆ ಹಿಂಜು ಸ್ಥಳವನ್ನು ಬದಲಿಸುವುದೇ ಹೊರತು ಮನೆಯನ್ನು ಬಿಟ್ಟು ಹೋಗುವುದಿಲ್ಲ. ಮೊದಲು ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಜಂತಿಯಿಂದ ಆರಂಭಿಸಿ ನೆಲದವರೆಗೆ, ಮೇಲಿನಿಂದ ಕೆಳಕ್ಕೆ ಬರಬೇಕು. ತಂತಿ, ಸ್ವಿಚ್ಚು, ಮೋಟಾರುಗಳನ್ನು ಒಣ ಬಟ್ಟೆಯಿಂದಲೂ ಉಳಿದೆಡೆಯನ್ನು ಹಿಂಡಿದ ಒದ್ದೆಬಟ್ಟೆಯಿಂದಲೂ ಒರೆಸಬೇಕು. ನೂಲಿಗೆ ಹಚ್ಚುವ ಗಂಜಿಯ ಪಾತ್ರೆಯನ್ನು ರಾತ್ರಿ ಹಾಗೆಯೇ ಬಿಟ್ಟರೆ ಜಿರಲೆ, ಇಲಿಗಳಿಗೆ ಔತಣವಿತ್ತಂತಾಗುವುದು.

ಮಾಡ, ಅಟ್ಟ ಮತ್ತು ಕಾಳಿನ ಕೋಣೆ

ಮುಧೋಳ, ಬೀಳಗಿ, ಜಮಖಂಡಿಗಳ ಒಕ್ಕಲುಮನೆಗಳಲ್ಲಿ ಮರೆಯ ಎಡೆಗಳು ಇನ್ನೂ ಹೆಚ್ಚು. ಗೋಡೆಯೊಳಗಿನ ಮಾಡಗಳು, ಫರಸಿ ಕಲ್ಲುಗಳ ನಡುವಿನ ಸಂದುಗಳು, ದನಗಳ ಗೋದಲಿಯ ತಳ, ಜೋಳದ ಚೀಲಗಳ ಹಿಂದಿನ ಗೋಡೆ, ಬೆಲ್ಲದ ಪೆಂಟೆಗಳನ್ನಿಟ್ಟ ಮೂಲೆ ಇವೆಲ್ಲ ವರ್ಷಕ್ಕೊಮ್ಮೆಯೂ ಬೆಳಕು ಕಾಣದಿರಬಹುದು. ಕಾಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ಇಲಿಯ ಮೂತ್ರದಿಂದ ಹರಡುವ ಇಲಿಜ್ವರವು ನೆರೆ ಬಂದಾಗ ಹೆಚ್ಚುತ್ತದೆ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ-ಘಟಪ್ರಭೆಗಳು ಉಕ್ಕಿ ನಮ್ಮ ನದಿದಂಡೆಯ ಊರುಗಳನ್ನು ಹೊಕ್ಕುದನ್ನು ಬಲ್ಲವರು, ನೀರಿಳಿದ ಮನೆಯ ಕೆಸರನ್ನು ಬರಿಗಾಲಿನಲ್ಲಿ ತುಳಿದು ತೆಗೆಯಬಾರದೆಂಬುದನ್ನು ಗಮನಿಸಬೇಕು. ಚೀಲಗಳನ್ನು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಹಲಗೆಯಷ್ಟು ಎತ್ತರದಲ್ಲಿ ಇರಿಸಿದರೆ ಗುಡಿಸಲೂ ನೋಡಲೂ ಅನುಕೂಲವಾಗುವುದು.

ಅಟ್ಟದ ಮೇಲೆ ಉಳಿದ ಕೀಟನಾಶಕದ ಡಬ್ಬಿಗಳನ್ನು ಕುರಿತು ಒಂದು ಎಚ್ಚರಿಕೆ. ಕಬ್ಬು, ಹತ್ತಿ, ದ್ರಾಕ್ಷಿಗಳಿಗೆ ತಂದ ವಿಷವು ಅಡಿಗೆಯ ಸಾಮಾನುಗಳ ಪಕ್ಕದಲ್ಲಿ ಇರಕೂಡದು, ಬೀಗವಿರುವ ಪೆಟ್ಟಿಗೆಯಲ್ಲಿರಬೇಕು. ಖಾಲಿಯಾದ ಡಬ್ಬಿಯನ್ನು ಎಷ್ಟು ತೊಳೆದರೂ ಎಣ್ಣೆಗೋ ನೀರಿಗೋ ಬಳಸಬಾರದು. ಹಾಗೆಯೇ ಶೌಚಾಲಯ ತೊಳೆಯುವ ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಕೂಡಿಸಬಾರದು. ಅವುಗಳಿಂದ ಹೊರಡುವ ಕ್ಲೋರಿನ್ ಅನಿಲವು ಶ್ವಾಸಕೋಶವನ್ನು ಸುಡುತ್ತದೆ.

ಅಡಿಗೆಮನೆಯಲ್ಲಿ ಅತಿ ಮಲಿನವಾದ ವಸ್ತು ಯಾವುದೆಂದು ಕೇಳಿದರೆ ಒರೆಸುವ ಅರಿವೆಯೇ ಎನ್ನಬೇಕಾಗುತ್ತದೆ. ಸದಾ ಒದ್ದೆಯಾಗಿರುವ ಅದನ್ನು ದಿನಾಲು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ನಮ್ಮ ನಾಡಿನಲ್ಲಿ ಬಿಸಿಲಿಗೇನು ಬರವಿಲ್ಲ. ಹಾಸಿಗೆ-ಕೌದಿಗಳಿಗೂ ಅದಕ್ಕಿಂತ ಅಗ್ಗವಾದ ಔಷಧವಿಲ್ಲ.

ಇಳಿಯಬಾರದ ಗುಂಡಿಗಳು

ನಮ್ಮ ಮನೆಗಳಲ್ಲಿ ತೊಳೆಯಲು ಮರೆತರೂ ನಡೆದೀತು, ಆದರೆ ಇಳಿಯಲು ಹೋಗಬಾರದಂಥ ಎರಡು ಎಡೆಗಳುಂಟು. ಒಂದು, ಕಾಳು ತುಂಬುವ ಹಗೇವು. ಈಗ ಹಗೇವುಗಳ ಬಳಕೆ ವಿರಳವಾಗಿದ್ದರೂ ಹಳೆಯ ವಾಡೆಗಳಲ್ಲಿ ಅವು ಉಳಿದಿವೆ. ಮುಚ್ಚಿದ ನೆಲದೊಳಗೆ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವು ಕ್ಷೀಣಿಸಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಬಾಯಿ ತೆರೆದೊಡನೆ ಒಳಗಿಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಹಗೇವನ್ನು ತೆರೆದು ಬಹಳ ಹೊತ್ತು ಗಾಳಿಗೆ ಬಿಡುವ, ದೀಪವನ್ನಿಳಿಸಿ ನೋಡುವ ಹಿರಿಯರ ಪದ್ಧತಿಯ ಮರ್ಮ ಇದೇ. ಆದರೆ ದೀಪ ಉರಿದ ಮಾತ್ರಕ್ಕೆ ಅಪಾಯವಿಲ್ಲವೆಂದು ನಂಬುವಂತಿಲ್ಲ.

ಇನ್ನೊಂದು, ಹಿತ್ತಲಿನ ಶೌಚದ ಗುಂಡಿ. ಮನೆಯ ಎಲ್ಲ ಮರೆಯ ಸ್ಥಳಗಳಲ್ಲಿ ಅತ್ಯಂತ ಮರೆಯಾದುದು ಇದು. ತುಂಬಿ ಹರಿಯುವವರೆಗೆ ಅದರ ನೆನಪಾಗುವುದಿಲ್ಲ. ನೆನಪಾದಾಗ ಬಡವನೊಬ್ಬನನ್ನು ಕರೆದು ನಾಲ್ಕು ಕಾಸು ಕೊಟ್ಟು ಒಳಗಿಳಿಸುವ ದುರಭ್ಯಾಸವು ನಾಡಿನಿಂದ ಪೂರ್ಣವಾಗಿ ತೊಲಗಿಲ್ಲ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವು ಮೊದಲು ಮೂಗಿನ ಶಕ್ತಿಯನ್ನೇ ಕುಂದಿಸುವುದರಿಂದ ವಾಸನೆಯ ಎಚ್ಚರಿಕೆಯೂ ಉಳಿಯುವುದಿಲ್ಲ. ೧೯೭೦ರ ದಶಕದಲ್ಲಿ ಕರ್ನಾಟಕದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ಮುಂದಾದರು. ೨೦೧೩ರ ಕೇಂದ್ರ ಕಾನೂನು ಇನ್ನೂ ಮುಂದೆ ಹೋಗಿ, ರಕ್ಷಣಾ ಸಲಕರಣೆಗಳಿಲ್ಲದೆ ಶೌಚದ ಗುಂಡಿಯನ್ನೂ ಒಳಚರಂಡಿಯನ್ನೂ ಮನುಷ್ಯರಿಂದ ಶುಚಿ ಮಾಡಿಸುವುದನ್ನು ಅಪರಾಧವೆಂದು ಸಾರಿದೆ. ಗುಂಡಿ ತುಂಬುವ ಮೊದಲೇ, ಎರಡು-ಮೂರು ವರ್ಷಗಳಿಗೊಮ್ಮೆ, ಹೀರುಯಂತ್ರದ ವಾಹನವನ್ನು ಕರೆಸಬೇಕು. ಒಬ್ಬನ ಪ್ರಾಣವನ್ನು ಒತ್ತೆಯಿಟ್ಟು ನಮ್ಮ ಹಿತ್ತಲನ್ನು ಹಸನು ಮಾಡಿಕೊಂಡರೆ ಅದನ್ನು ಶುಚಿತ್ವವೆಂದು ಕರೆಯಲಾದೀತೆ?

ಯಾರ ಕೆಲಸ?

ಮೇಲೆ ಹೇಳಿದುದೆಲ್ಲವನ್ನೂ ಮನೆಯ ಹೆಣ್ಣುಮಕ್ಕಳೇ ಮಾಡಬೇಕೆಂದರೆ ಅದು ಅನ್ಯಾಯವಾದೀತು. ಆಗದ ಮಾತೂ ಹೌದು. ರೊಟ್ಟಿ, ನೀರು, ದನಕರು, ಕಂಡಿಕೆ ಸುತ್ತುವಿಕೆಗಳ ನಡುವೆ ಅವರಿಗೆ ಬಿಡುವೆಲ್ಲಿ? ಕಣ್ಣಿಗೆ ಬೀಳದ ಮೂಲೆ ಉಳಿಯುವುದು ಅವರ ಆಲಸ್ಯದಿಂದಲ್ಲ, ಕೆಲಸವನ್ನು ಹಂಚಿಕೊಳ್ಳದ ಉಳಿದವರ ಉದಾಸೀನದಿಂದ. ಕಸ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನನ್ನು ಶರಣೆಯೆಂದು ಗೌರವಿಸುವ ನಾಡಿನಲ್ಲಿ ಕಸಬರಿಗೆ ಹಿಡಿಯಲು ಗಂಡಸರು ನಾಚಬೇಕಾದ ಕಾರಣವಿಲ್ಲ.

ಕೆಲಸವನ್ನು ಕಾಲಕ್ಕೆ ತಕ್ಕಂತೆ ಹಂಚಿಕೊಂಡರೆ ಭಾರವು ಹಗುರಾಗುತ್ತದೆ. ವಾರಕ್ಕೊಮ್ಮೆ ನೀರಿನ ತೊಟ್ಟಿ, ಕೂಲರು, ಫ್ರಿಜ್ಜಿನ ತಟ್ಟೆ ಮತ್ತು ಮಗ್ಗದ ಹಿಂಜು. ತಿಂಗಳಿಗೊಮ್ಮೆ ಜಂತಿ, ಫ್ಯಾನು, ಮಾಡ, ಕಾಳಿನ ಕೋಣೆ. ವರ್ಷಕ್ಕೆರಡು ಸಲ, ಯುಗಾದಿಗೂ ಮಹಾನವಮಿಗೂ ಮುಂಚೆ, ಅಟ್ಟ, ಪೆಟ್ಟಿಗೆಗಳು ಮತ್ತು ಗೋಡೆಯ ಬಿರುಕುಗಳು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ನೀರು ಹೋಗುವ ಕೊಳವೆಯನ್ನು ತಪ್ಪದೆ ನೋಡಬೇಕು.

ಶಾಲೆಯು ಇಲ್ಲಿ ಮಾಡಬಹುದಾದ ಕಾರ್ಯವು ದೊಡ್ಡದು. ಸೊಳ್ಳೆಯ ಜೀವನಚಕ್ರವನ್ನು ಫಲಕದ ಮೇಲೆ ಬರೆದು ಕಂಠಪಾಠ ಮಾಡಿಸುವ ಬದಲು, ಪ್ರತಿ ವಿದ್ಯಾರ್ಥಿಯೂ ಶನಿವಾರದಂದು ತನ್ನ ಮನೆಯ ತೊಟ್ಟಿಯೊಳಗೆ ಬ್ಯಾಟರಿ ಹಾಕಿ ನೋಡಿ, ಮರಿಗಳಿವೆಯೋ ಇಲ್ಲವೋ ಎಂಬುದನ್ನು ಸೋಮವಾರ ತರಗತಿಯಲ್ಲಿ ಹೇಳುವಂತೆ ಗುರುಗಳು ಏರ್ಪಡಿಸಬಹುದು. ಊರೂರಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಓಣಿಗಳಲ್ಲಿ ಇದನ್ನೇ ಮುಂದುವರಿಸಬಹುದು. ಶಾಲೆಗೆ ಕೋಣೆಗಳನ್ನು ಕಟ್ಟಿಸಿಕೊಟ್ಟ ದಾನಿಗಳು ಬಡವರ ಮನೆಯ ತೊಟ್ಟಿಗಳಿಗೆ ಮುಚ್ಚಳಗಳನ್ನು ಒದಗಿಸಿದರೆ ಅದೂ ಸಣ್ಣ ದಾನವಲ್ಲ. ಈಡಿಸ್ ಸೊಳ್ಳೆಯು ಬಹುದೂರ ಹಾರುವಂಥದಲ್ಲ. ಒಂದು ಓಣಿಯವರೆಲ್ಲ ಒಂದೇ ದಿನ ತೊಟ್ಟಿ ತಿಕ್ಕಿದರೆ ಆ ಓಣಿಯ ಮಕ್ಕಳು ಜ್ವರದ ಕಾಲವನ್ನು ಸುಖವಾಗಿ ದಾಟುವ ಸಂಭವವು ಹೆಚ್ಚು. ಅದಕ್ಕೆ ಬೇಕಾದುದು ಒಂದು ಹಿಡಿ ತೆಂಗಿನ ನಾರು, ಅರ್ಧ ಗಂಟೆಯ ದುಡಿಮೆ ಮತ್ತು ಮರೆಯಲ್ಲಿರುವುದನ್ನು ನೋಡುವ ಮನಸ್ಸು.