ಕುರುಡುಪಣದ ರಕ್ಷಣೆ: ಇಸ್ಪೀಟಿನ ಎಲೆಗಳಲ್ಲಿ ಅಡಗಿದ ಗಣಿತ

ತನ್ನದೆಂದು ಭಾವಿಸಿದ ವಸ್ತುವನ್ನು ಬೇರೊಬ್ಬನು ಕಸಿಯಲು ಬಂದಾಗ ಮನುಷ್ಯನಿಗೆ ಕೋಪವುಂಟಾಗುವುದು ಸಹಜ. ಆದರೆ ಆ ವಸ್ತುವು ನಿಜವಾಗಿಯೂ ಅವನದೇ? ಅದನ್ನು ಉಳಿಸಿಕೊಳ್ಳಲು ಎಷ್ಟು ಬೆಲೆ ತೆರಬಹುದು? ಎಷ್ಟು ಸಲ ಎದುರು ನಿಲ್ಲಬೇಕು, ಎಷ್ಟು ಸಲ ಬಿಟ್ಟುಕೊಡಬೇಕು? ಈ ಪ್ರಶ್ನೆಗಳಿಗೆ ಗಣಿತದಲ್ಲಿಯೂ ಉತ್ತರವುಂಟು. ಅಚ್ಚರಿಯ ಸಂಗತಿಯೆಂದರೆ, ಗಣಿತಜ್ಞರು ಆ ಉತ್ತರವನ್ನು ಅರಸಿದುದು ಇಸ್ಪೀಟಿನ ಎಲೆಗಳಲ್ಲಿ.

ಮಲೆನಾಡಿಗರಿಗೆ ಇಸ್ಪೀಟು ಹೊಸತಲ್ಲ. ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಾಡಿನತ್ತ ಸಾಗುವ ದಾರಿಯಲ್ಲಿರುವ ಮಲ್ಲಂದೂರಿನಂತಹ ಕಾಫಿಸೀಮೆಯ ಊರುಗಳಲ್ಲಿ ಆಷಾಢದ ಜಡಿಮಳೆ ಹಿಡಿದು ತೋಟದ ಕೆಲಸ ನಿಂತಾಗ, ಜಗಲಿಯ ಮೇಲೆ ಎಲೆ ಕಲಸಿ ಕುಳಿತುಕೊಳ್ಳುವುದುಂಟು. ಹಣವನ್ನು ಮುಟ್ಟದೆ, ಒಂದು ಹಿಡಿ ಕಾಫಿಬೀಜವನ್ನು ಮುಂದಿಟ್ಟುಕೊಂಡು ಅಂತಹ ಜಗಲಿಯಲ್ಲಿಯೇ ಈ ಗಣಿತವನ್ನು ಕಲಿಯಬಹುದು.

ಪೋಕರ್ ಎಂಬ ಆಟದ ಒಂದು ಬಗೆಗೆ ಹೋಲ್ಡೆಮ್ ಎಂದು ಹೆಸರು. ಇದರಲ್ಲಿ ಪ್ರತಿಯೊಬ್ಬನಿಗೂ ಎರಡು ಗುಪ್ತವಾದ ಎಲೆಗಳು. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮೇಜಿನ ಮೇಲೆ ಹಂತಹಂತವಾಗಿ ತೆರೆಯುತ್ತಾರೆ. ಪ್ರತಿ ಹಂತದಲ್ಲಿಯೂ ಪಣ ಕಟ್ಟಬಹುದು; ಮಿತಿಯಿಲ್ಲದ ಆಟದಲ್ಲಿ ತನ್ನಲ್ಲಿರುವುದೆಲ್ಲವನ್ನೂ ಒಮ್ಮೆಲೇ ಒಡ್ಡಬಹುದು. ಹಂಚುವವನ ಎಡಕ್ಕೆ ಕುಳಿತ ಇಬ್ಬರು ಎಲೆ ನೋಡುವ ಮುನ್ನವೇ ಕಡ್ಡಾಯವಾಗಿ ಪಣವಿಡಬೇಕು. ಇದೇ ಬ್ಲೈಂಡ್, ಎಂದರೆ ಕುರುಡುಪಣ. ಕಿರಿಯದು 1 ಬೀಜ, ಹಿರಿಯದು 2 ಬೀಜ ಎಂದಿಟ್ಟುಕೊಳ್ಳೋಣ. ಈ ಪುಡಿಗಾಸನ್ನು ದೋಚಲೆಂದೇ, ಕೈಯಲ್ಲಿ ಒಳ್ಳೆಯ ಎಲೆಯಿರಲಿ ಇಲ್ಲದಿರಲಿ, ಮೇಲಿಂದ ಮೇಲೆ ಪಣವೇರಿಸುವ ಆಕ್ರಮಣಕಾರನೊಬ್ಬನು ಪ್ರತಿಯೊಂದು ಕೂಟದಲ್ಲಿಯೂ ಇದ್ದೇ ಇರುತ್ತಾನೆ. ಅವನನ್ನು ಎದುರಿಸುವುದು ಹೇಗೆ?

ಉತ್ತರಕ್ಕೆ ಮೊದಲು ಒಂದು ಪುಟ್ಟ ಪ್ರಯೋಗ. ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ 1950ರಲ್ಲಿ ಮೂರೇ ಎಲೆಗಳ ಪೋಕರನ್ನು ವಿಶ್ಲೇಷಿಸಿದನು. ರಾಜ, ರಾಣಿ, ಗುಲಾಮ ಈ ಮೂರನ್ನು ಮಾತ್ರ ತೆಗೆದುಕೊಳ್ಳಿರಿ. ಇಬ್ಬರೂ ತಲಾ ಒಂದು ಬೀಜವಿಟ್ಟು ಒಂದೊಂದು ಎಲೆ ಪಡೆಯಲಿ. ಮೊದಲನೆಯವನು ಇನ್ನೊಂದು ಬೀಜವನ್ನು ಮುಂದೊತ್ತಿದರೆ, ಎರಡನೆಯವನು ಒಂದು ಬೀಜವಿಟ್ಟು ಸರಿಗಟ್ಟಬೇಕು, ಇಲ್ಲವೆ ಎಲೆ ಚೆಲ್ಲಿ ಸೋಲೊಪ್ಪಬೇಕು.

ಮೊದಲನೆಯವನ ಕೈಯಲ್ಲಿ ಗುಲಾಮನಿದ್ದಾಗ್ಯೂ ಅವನು ಹುಸಿಬೆದರಿಕೆ ಹಾಕಿದನೆನ್ನೋಣ. ಎದುರಾಳಿಯ ಬಳಿ ರಾಜನೋ ರಾಣಿಯೋ ಇರುವ ಸಂಭವ ಸಮಸಮ. ರಾಜನಿದ್ದವನು ಖಂಡಿತ ಸರಿಗಟ್ಟುವನು. ರಾಣಿಯುಳ್ಳವನು ಹೆದರಿ ಯಾವಾಗಲೂ ಎಲೆ ಚೆಲ್ಲಿದರೆ, ಬೆದರಿಸಿದವನು ಅರ್ಧದಷ್ಟು ಸಲ 2 ಬೀಜ ಗೆದ್ದು ಉಳಿದರ್ಧ ಸಲ 1 ಬೀಜ ಸೋಲುವನು. ಸರಾಸರಿ ಅರ್ಧ ಬೀಜದ ಲಾಭ. ರಾಣಿಯುಳ್ಳವನು ರೋಷದಿಂದ ಯಾವಾಗಲೂ ಸರಿಗಟ್ಟಿದರೆ, ಎದುರಾಳಿಯು ಹುಸಿಬೆದರಿಕೆಯನ್ನೇ ನಿಲ್ಲಿಸಿ ರಾಜನಿದ್ದಾಗ ಮಾತ್ರ ಪಣವೊಡ್ಡಿ ಅವನಿಂದ ದಂಡ ವಸೂಲು ಮಾಡುವನು. ಹೇಡಿತನ, ಹುಂಬತನ ಎರಡೂ ನಷ್ಟಕ್ಕೆ ದಾರಿ. ಹಾಗಾದರೆ ನಡುವಿನ ಹಾದಿ ಯಾವುದು? ರಾಣಿ ಬಂದಾಗ ಮೂರರಲ್ಲಿ ಒಂದು ಸಲ ಮಾತ್ರ ಸರಿಗಟ್ಟುವುದು. ಆಗ ಒಟ್ಟಿನಲ್ಲಿ ಬೆದರಿಕೆಯು ಮೂರರಲ್ಲಿ ಒಮ್ಮೆ ಫಲಿಸಿ 2 ಬೀಜ ತರುವುದು, ಎರಡು ಸಲ ವಿಫಲವಾಗಿ 1 ಬೀಜದಂತೆ ಕಳೆಯುವುದು; ಲಾಭ ಸೊನ್ನೆ! ಆದರೆ ಆ ಒಂದು ಸಲ ಯಾವುದೆಂಬುದನ್ನು ಎದುರಾಳಿಯು ಊಹಿಸುವಂತಿರಬಾರದು. ದಾಳವೆಸೆದು, 1 ಅಥವಾ 2 ಬಿದ್ದರೆ ಸರಿಗಟ್ಟುವುದೇ ಲೇಸು. ಇಂತಹ ಮಿಶ್ರತಂತ್ರಕ್ಕೆ 1928ರಲ್ಲಿ ಜಾನ್ ಫಾನ್ ನಾಯ್ಮನ್ ಭದ್ರವಾದ ಗಣಿತದ ತಳಹದಿಯನ್ನು ಹಾಕಿದನು.

ಈಗ ಪೂರ್ಣ ಆಟಕ್ಕೆ ಮರಳೋಣ. ಆಕ್ರಮಣಕಾರನು ಪಣವನ್ನು 5 ಬೀಜಕ್ಕೆ ಏರಿಸುತ್ತಾನೆ. ಅವನು ಕಸಿಯಬಯಸುವುದು 3 ಬೀಜ. ಅದಕ್ಕಾಗಿ ಒಡ್ಡುವುದು 5. ಎಂಟರಲ್ಲಿ ಐದು ಸಲ, ಎಂದರೆ ಶೇಕಡಾ 62.5ಕ್ಕಿಂತ ಹೆಚ್ಚು ಸಲ ಎದುರಿನ ಇಬ್ಬರೂ ಎಲೆ ಚೆಲ್ಲಿದರೆ, ಅವನು ತನ್ನ ಎಲೆಗಳನ್ನು ನೋಡದೆಯೂ ಲಾಭ ಗಳಿಸಬಲ್ಲನು. ಆದುದರಿಂದ ಅವರಿಬ್ಬರೂ ಸೇರಿ ಶೇಕಡಾ 37.5 ಸಲವಾದರೂ ಎದುರು ನಿಲ್ಲಬೇಕು. ಕಿರಿಯ ಕುರುಡುಪಣದವನು ಹತ್ತರಲ್ಲಿ ಒಮ್ಮೆ ಮಾತ್ರ ನಿಂತರೆ, ಹಿರಿಯನು ಸುಮಾರು ಶೇಕಡಾ 31 ಸಲ ನಿಲ್ಲಬೇಕಾಗುವುದು.

ಹಿರಿಯನಿಗೆ ಬೆಲೆಯೂ ಅಗ್ಗ. ಅವನು ಇನ್ನು 3 ಬೀಜವಿಟ್ಟರೆ ರಾಶಿಯು 11 ಆಗುವುದು. ಶೇಕಡಾ 27ಕ್ಕಿಂತ ತುಸು ಹೆಚ್ಚು ಗೆಲುವಿನ ಪಾಲಿದ್ದರೆ ಸಾಕು. ಎರಡೆಲೆಗಳ 1,326 ಜೋಡಣೆಗಳಲ್ಲಿ ಅತ್ಯಂತ ಬಡವಾದುದು ಬೇರೆ ಬೇರೆ ರಂಗಿನ ಎರಡು ಮತ್ತು ಮೂರು. ಯಾವುದೋ ಅಪರಿಚಿತ ಎಲೆಗಳೆದುರು ಅದಕ್ಕೂ ಸುಮಾರು ಶೇಕಡಾ 32 ಪಾಲುಂಟು! ಹಾಗಾದರೆ ಎಲ್ಲ ಎಲೆಗಳನ್ನೂ ಹಿಡಿದು ನಿಲ್ಲಬೇಕೆ? ಕೂಡದು. ಏಕೆಂದರೆ ಏರಿಸಿದವನ ಎಲೆಗಳು ಸಾಮಾನ್ಯವಾಗಿ ಸರಾಸರಿಗಿಂತ ಮೇಲು. ಅಲ್ಲದೆ ಮುಂದಿನ ಹಂತಗಳಲ್ಲಿ ಕುರುಡುಪಣದವನೇ ಅವನಿಗಿಂತ ಮೊದಲು ನಡೆಯಬೇಕು. ಎದುರಾಳಿಯ ಮನಸ್ಸನ್ನು ಅರಿಯದೆ ಅನೇಕ ಸಲ ನಡುದಾರಿಯಲ್ಲಿಯೇ ಬಿಟ್ಟೋಡಬೇಕಾಗುವುದು. ಲೆಕ್ಕದಲ್ಲಿರುವ ಪಾಲೆಲ್ಲ ಕೈಗೆ ಸೇರುವುದಿಲ್ಲ. ಆದುದರಿಂದ ಜೋಡಿಗಳು, ದೊಡ್ಡ ಎಲೆಗಳು, ಒಂದೇ ರಂಗಿನ ನೆರೆಹೊರೆಯ ಎಲೆಗಳು ಇವು ಹಿಡಿಯಲು ಯೋಗ್ಯ. ಮೇಳವಿಲ್ಲದ ಸಣ್ಣವನ್ನು ಚೆಲ್ಲುವುದೇ ಜಾಣತನ. ಎದುರಾಳಿ ಎರಡರಲ್ಲೊಮ್ಮೆ ಏರಿಸುವವನಾದರೆ ಈ ಬಲೆಯನ್ನು ಹಿಗ್ಗಿಸಬೇಕು. ಎಂಟರಲ್ಲೊಮ್ಮೆ ಏರಿಸುವ ಎಚ್ಚರಿಕೆಯವನಾದರೆ ಕುಗ್ಗಿಸಬೇಕು. ಕೆಲವೊಮ್ಮೆ ಉತ್ತಮವಾದ ಎಲೆಗಳೊಂದಿಗೆ, ಮತ್ತೆ ಕೆಲವೊಮ್ಮೆ ಮಧ್ಯಮವಾದುವುಗಳೊಂದಿಗೆ, ಮರಳಿ ಏರಿಸುವುದೂ ರಕ್ಷಣೆಯ ಒಂದು ಅಂಗ.

ಇಲ್ಲಿ ಒಂದು ಕಹಿಸತ್ಯವುಂಟು. ಹಿರಿಯ ಕುರುಡುಪಣದ ಸ್ಥಾನದಲ್ಲಿ ಸದಾ ಎಲೆ ಚೆಲ್ಲುವವನು 100 ಸರದಿಗಳಲ್ಲಿ 200 ಬೀಜ ಕಳೆಯುವನು. ಚೆನ್ನಾಗಿ ರಕ್ಷಿಸುವವನು ಅದಕ್ಕಿಂತ ಕಡಿಮೆ ಕಳೆಯುವನು. ಸಮಬಲರ ನಡುವೆ ಅಷ್ಟೇ ಸಾಧ್ಯ. ಇಲ್ಲಿ ಲಾಭವೆಂದರೆ ನಷ್ಟವನ್ನು ತಗ್ಗಿಸುವುದು. ಒಮ್ಮೆ ಮೇಜಿನ ಮೇಲಿಟ್ಟ ಬೀಜವು ಇಟ್ಟವನದಲ್ಲ, ರಾಶಿಯದು. ಅದು ನನ್ನದೆಂಬ ಅಭಿಮಾನದಿಂದ ಹೋರಾಡುವವನು 2 ಬೀಜಕ್ಕಾಗಿ 200 ಬೀಜ ತೆರುವನು.

ಅಭಿಮಾನವೇ ಇಲ್ಲದ ಆಟಗಾರನೊಬ್ಬನನ್ನು ಮನುಷ್ಯನು ನಿರ್ಮಿಸಿದ್ದಾನೆ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಲಿಬ್ರಾಟಸ್ ಎಂಬ ಗಣಕಕ್ರಮವು ನಾಲ್ವರು ನುರಿತ ಆಟಗಾರರನ್ನು ಮಿತಿಯಿಲ್ಲದ ಹೋಲ್ಡೆಮ್‌ನ 1,20,000 ಕೈಗಳಲ್ಲಿ ಸೋಲಿಸಿತು. ಅದಕ್ಕೆ ರೋಷವಿರಲಿಲ್ಲ, ಭಯವಿರಲಿಲ್ಲ. ಇದ್ದುದು ಪ್ರಮಾಣದ ಲೆಕ್ಕ.

ಆ ಲೆಕ್ಕವನ್ನು ಕಲಿಯಲು ಕಾಫಿಬೀಜವೇ ಸಾಕೆಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಆಟವು ಕೌಶಲದ್ದೋ ಅದೃಷ್ಟದ್ದೋ ಎಂಬ ವಿವಾದವು ನ್ಯಾಯಾಲಯಗಳನ್ನೂ ಮುಟ್ಟಿದೆ. 2022ರ ಫೆಬ್ರವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಈ ಭೇದವನ್ನು ಎತ್ತಿಹಿಡಿಯಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಅಂತರ್ಜಾಲದ ಹಣದಾಟಗಳನ್ನು, ಈ ಭೇದವನ್ನೆಣಿಸದೆ, ನಿಷೇಧಿಸಿತು. ಕೌಶಲವುಳ್ಳವನಿಗೂ ಅದೃಷ್ಟವು ದೀರ್ಘಕಾಲ ಕೈಕೊಡಬಲ್ಲುದೆಂಬುದನ್ನು ಇದೇ ಗಣಿತವು ತೋರಿಸುತ್ತದೆ. ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಎಂಬ ವಿವೇಕವೇ ಇದರ ಪಾಠ. ಅದನ್ನು ಮೂರೆಲೆಗಳಿಂದಲೇ ಕಲಿಯಬಹುದು.