ತೇಲಿದರೆ ಕೈ ನಿಲ್ಲಿಸಿ

‘ಸೈನಸ್ ಆಪರೇಷನ್ನಿಗೆ ಜಿಪಿಎಸ್ ಥರದ ಕಂಪ್ಯೂಟರ್ ಬಂದಿದೆಯಂತೆ. ಇನ್ನು ಡಾಕ್ಟರ ಕೈ ತಪ್ಪುವ ಭಯವಿಲ್ಲ, ಅಲ್ಲವೇ?’ ಓದುಗರೊಬ್ಬರು ಕೇಳಿದ್ದಾರೆ.

ಯಂತ್ರ ಒಳ್ಳೆಯದೇ. ಆದರೆ ಅದು ಪರದೆಯ ಮೇಲೆ ತೋರಿಸುವ ಜಾಗಕ್ಕೂ ಸಲಕರಣೆಯ ತುದಿ ನಿಜವಾಗಿ ಇರುವ ಜಾಗಕ್ಕೂ ಸುಮಾರು 2 ಮಿಲಿಮೀಟರ್ ವ್ಯತ್ಯಾಸ ಇರಬಹುದು. ಮೂಗಿಗೂ ಮಿದುಳಿಗೂ ನಡುವಿನ ಮೂಳೆಯೋ, ಒಂದು ಕಡೆ ಬರೀ 0.05 ಮಿಲಿಮೀಟರ್ ದಪ್ಪ! ಯಂತ್ರದ ತಪ್ಪೇ ಗೋಡೆಗಿಂತ ನಲವತ್ತು ಪಟ್ಟು ದೊಡ್ಡದು. ಕಣ್ಣಿನ ಪಕ್ಕದ ಗೋಡೆಯೂ ಈರುಳ್ಳಿ ಸಿಪ್ಪೆಯಂತೆ ತೆಳು.

ಹಾಗೆಂದು ‘ಮೂಗಿಗೆ ಕತ್ತರಿ ಹಾಕಿಸಿದರೆ ಕಣ್ಣು ಹೋಗುತ್ತೆ’ ಎನ್ನುವವರ ಮಾತು ಕೇಳಿ ವರ್ಷಗಟ್ಟಲೆ ಕೀವು, ತಲೆನೋವು ಅನುಭವಿಸುವುದು ಶುದ್ಧ ಅವಿವೇಕ. ಗಂಭೀರ ತೊಂದರೆ ಆಗುವುದು ನೂರರಲ್ಲಿ ಹೆಚ್ಚೆಂದರೆ ಒಬ್ಬರಿಗೆ. ಅದನ್ನೂ ತಗ್ಗಿಸಲು ಸರ್ಜನ್ನರು ಕಂಡುಕೊಂಡಿರುವ ಉಪಾಯಗಳಿವೆಯಲ್ಲ, ಅವುಗಳ ಸರಳತೆಗೆ ನಾನು ಮಾರುಹೋಗಿದ್ದೇನೆ.

ರೋಗಿಯ ಮೈಯೆಲ್ಲ ಬಟ್ಟೆ ಹೊದಿಸಿದರೂ ಕಣ್ಣುಗಳನ್ನು ಮಾತ್ರ ಕಾಣುವಂತೆ ಬಿಡುತ್ತಾರೆ. ಮೂಗಿನೊಳಗೆ ಏನನ್ನೋ ಎಳೆದಾಗ ಹೊರಗೆ ಕಣ್ಣುಗುಡ್ಡೆ ಅಲುಗಿತೋ, ಪಕ್ಕದಲ್ಲಿ ನಿಂತವರು ‘ನಿಲ್ಲಿಸಿ’ ಎನ್ನಬೇಕು. ಅನುಮಾನವಿದ್ದರೆ ಕಣ್ಣುಗುಡ್ಡೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಎಂಡೋಸ್ಕೋಪಿನಲ್ಲಿ ನೋಡುತ್ತಾರೆ. ಒಳಗೂ ಏನಾದರೂ ಮಿಸುಕಿದರೆ ಗೋಡೆ ಒಡೆದಿದೆ ಎಂದರ್ಥ. ಕಿತ್ತು ತೆಗೆದ ಚೂರು ಯಾವುದೆಂದು ತಿಳಿಯದಿದ್ದರೆ ಅದನ್ನು ಸಲೈನ್ ಬಟ್ಟಲಿಗೆ ಹಾಕುತ್ತಾರೆ. ಸೈನಸ್ಸಿನ ಲೋಳೆಪೊರೆ ಮುಳುಗುತ್ತದೆ. ಕಣ್ಣಿನ ಸುತ್ತಲಿನ ಕೊಬ್ಬು ತೇಲುತ್ತದೆ. ತೇಲಿದರೆ ಅಲ್ಲಿಗೆ ಕೈ ನಿಲ್ಲಿಸಬೇಕು. ಲಕ್ಷಾಂತರ ರೂಪಾಯಿಯ ಯಂತ್ರದ ಪಕ್ಕದಲ್ಲೇ ಒಂದು ಬಟ್ಟಲು ನೀರಿಗೆ ಇಷ್ಟು ಬೆಲೆ!

ಇನ್ನೊಂದು ಅಪಾಯ ಸಿರಿಂಜಿನದು. ರಕ್ತ ತಡೆಯಲು ಹತ್ತಿಯನ್ನು ನೆನೆಸಿಡುವ ಅಡ್ರಿನಾಲಿನ್ ಬಲು ಗಾಢ. ಚುಚ್ಚುವುದು ಅದಕ್ಕಿಂತ ಬಹಳ ತೆಳು. ಎರಡೂ ನೀರಿನಂತೆ ಕಾಣುತ್ತವೆ. ಅದಲುಬದಲಾದರೆ ಹೃದಯಕ್ಕೇ ಕುತ್ತು. ಹಾಗಾಗಿ ಗಾಢವಾದದ್ದಕ್ಕೆ ಬಣ್ಣ ಬೆರೆಸಿಡುವ ಪದ್ಧತಿ ಕೆಲವೆಡೆ ಇದೆ. ಎಲ್ಲೆಡೆ ಬರಬೇಕು.

ಆದರೆ ಅರ್ಧ ಗೆಲುವು ಹಿಂದಿನ ದಿನದ ಸಿ.ಟಿ. ಓದಿನಲ್ಲೇ ಇದೆ. ಅದರಲ್ಲಿ ನೋಡಬೇಕಾದ್ದು ಮೂಗಿನ ಚಾವಣಿಯ ನಡುವಿನ ತಗ್ಗು. ಅದರ ಆಳ ಕೆಲವರಲ್ಲಿ 1 ಮಿಲಿಮೀಟರ್, ಕೆಲವರಲ್ಲಿ 16 ಎಂದು ಕೇರೋಸ್ ಎಂಬ ವೈದ್ಯರು 1962ರಲ್ಲೇ ವಿಂಗಡಿಸಿದ್ದಾರೆ. ತಗ್ಗು ಆಳವಾದಷ್ಟೂ ಮಿದುಳಿನ ಕಡೆಯ ಆ ತೆಳು ಗೋಡೆ ಸಲಕರಣೆಗೆ ಹೆಚ್ಚು ಸಿಕ್ಕುತ್ತದೆ. ಒಬ್ಬರದೇ ಮೂಗಿನ ಎಡಬಲಗಳಲ್ಲೂ ಈ ಆಳ ಬೇರೆ ಇರಬಹುದು.

ಆದ್ದರಿಂದ ಆಸ್ಪತ್ರೆಗೆ ಹೋಗುವಾಗ ಸಿ.ಟಿ. ಫಿಲ್ಮು, ಸಿ.ಡಿ. ಎರಡನ್ನೂ ಒಯ್ಯಿರಿ. ಹಿಂದೆ ಮೂಗಿನ ಆಪರೇಷನ್ ಆಗಿದ್ದರೆ, ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ, ಕೇಳುವ ಮೊದಲೇ ಹೇಳಿಬಿಡಿ.