ಆಸ್ಪತ್ರೆಯ ಬೆಂಚೂ ಚಿಕಿತ್ಸೆಯ ಭಾಗವೇ

2025ರ ಜೂನ್-ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಬಂದ ಹೃದಯಾಘಾತದ ಸಾವಿನ ಸುದ್ದಿಗಳು ನಾಡಿನಾದ್ಯಂತ ಆತಂಕ ಹುಟ್ಟಿಸಿದವು. ಎದೆಯಲ್ಲಿ ಸಣ್ಣ ಚಳುಕು ಕಾಣಿಸಿಕೊಂಡವರೂ ತಪಾಸಣೆಗೆ ಧಾವಿಸಿದರು; ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆಯೂ ಜನಸಂದಣಿ ನೆರೆಯಿತು. ಸಾವಿಗೆ ಕಾರಣವೇನೆಂಬ ಚರ್ಚೆ ನಡೆಯಿತು, ತಜ್ಞರ ಸಮಿತಿಯೂ ರಚನೆಯಾಯಿತು. ಆದರೆ ಭಯಗೊಂಡ ಆ ಜೀವಗಳು ಗಂಟೆಗಟ್ಟಲೆ ಎಲ್ಲಿ ಕುಳಿತವು, ಹೇಗೆ ಕುಳಿತವು ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳಲಿಲ್ಲ.

ಈ ಪ್ರಶ್ನೆ ಕ್ಷುಲ್ಲಕವಲ್ಲ. ಸಂಶೋಧಕ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ 46 ರೋಗಿಗಳ ದಾಖಲೆಗಳನ್ನು ಅವರು ಹೋಲಿಸಿದ್ದರು. ಕಿಟಕಿಯಾಚೆ ಮರಗಳು ಕಾಣುತ್ತಿದ್ದ ಕೋಣೆಯವರು, ಇಟ್ಟಿಗೆ ಗೋಡೆಯಷ್ಟೇ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ತೀಕ್ಷ್ಣ ನೋವುನಿವಾರಕಗಳನ್ನೂ ಕಡಿಮೆ ಬಳಸಿದ್ದರು. ಇದಕ್ಕೂ ಅರ್ಧ ಶತಮಾನ ಮೊದಲೇ, 1933ರಲ್ಲಿ, ಫಿನ್ಲೆಂಡಿನ ಪೈಮಿಯೊ ಎಂಬಲ್ಲಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ ರೂಪಿಸಿದ ಕ್ಷಯರೋಗಧಾಮ ಸಿದ್ಧವಾಗಿತ್ತು. ಮಲಗಿದ ರೋಗಿಯ ಕಣ್ಣು ಸದಾ ನೆಡುವುದು ಚಾವಣಿಯ ಮೇಲೆ. ಆದ್ದರಿಂದ ಚಾವಣಿಗೆ ತಂಪಾದ ಹಸಿರು ಬಣ್ಣ. ಪಕ್ಕದ ಹಾಸಿಗೆಯವರ ನಿದ್ದೆ ಕೆಡದಂತೆ, ನೀರು ಬಿದ್ದರೂ ಸದ್ದಾಗದ ಕೈತೊಳೆಯುವ ಬೋಗುಣಿ. ಉಸಿರಾಟ ಸರಾಗವಾಗಲೆಂದು ಬೆನ್ನನ್ನು ಹಿಂದಕ್ಕೆ ಬಾಗಿಸಿದ ಕುರ್ಚಿ. ಇವೆಲ್ಲ ವೈಭವದ ವಸ್ತುಗಳಲ್ಲ, ರೋಗಿಯ ದೇಹವನ್ನು ಅರಿತು ಮಾಡಿದ ಏರ್ಪಾಡುಗಳು.

ನಮ್ಮಲ್ಲಿ ಆಸ್ಪತ್ರೆಯ ಸಾಮರ್ಥ್ಯವನ್ನು ಅಳೆಯುವುದು ಹಾಸಿಗೆಗಳ ಲೆಕ್ಕದಲ್ಲಿ. ಆದರೆ ಪ್ರತಿ ಹಾಸಿಗೆಯ ಪಕ್ಕದಲ್ಲೂ ಇನ್ನೊಂದು ಜೀವವಿರುತ್ತದೆ. ಊಟ ಮಾಡಿಸಲು, ಶೌಚಾಲಯಕ್ಕೆ ಕೈಹಿಡಿದು ಕರೆದೊಯ್ಯಲು, ಮಾತ್ರೆ ತರಲು ರೋಗಿಯ ಕಡೆಯವರೇ ಬೇಕು. ನಮ್ಮ ಶುಶ್ರೂಷಾ ವ್ಯವಸ್ಥೆಯ ಅರ್ಧ ಭಾರ ಹೊತ್ತಿರುವ ಈ ತಾಯಿ, ಮಗಳು, ಸೊಸೆಯರಿಗೆ ರಾತ್ರಿ ಒರಗಲು ಸಿಗುವುದು ಬಹುಪಾಲು ಬರಿನೆಲ. ನಿದ್ದೆಗೆಟ್ಟವರು ಔಷಧಿಯ ಹೊತ್ತನ್ನು ಮರೆತರೆ, ಅವರೇ ಕಾಯಿಲೆ ಬಿದ್ದರೆ, ಅದರ ಪರಿಣಾಮ ತಟ್ಟುವುದು ರೋಗಿಗೇ.

ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ ಆರಂಭವಾದ ಮೇಲೆ ಜಿಲ್ಲೆಯ ಜನರಿಗೆ ತಜ್ಞ ಚಿಕಿತ್ಸೆ ಹತ್ತಿರವಾಯಿತು. ಆದರೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ 30-40 ಕಿ.ಮೀ. ಬಸ್ಸಿನಲ್ಲಿ ಬಂದಿಳಿಯುವ ವೃದ್ಧರ ದೇಹ ಮೊದಲು ಕೇಳುವುದು ಕೂರಲು ಜಾಗ. ಮಂಡಿನೋವಿನವರು ಕೈಯಾಸರೆಯಿಲ್ಲದ ತಗ್ಗಿನ ಬೆಂಚಿನಿಂದ ಏಳಲಾರರು. ಹೃದಯ ದುರ್ಬಲಗೊಂಡು ಏದುಸಿರು ಬಿಡುವವರು ಅಂಗಾತ ಮಲಗಲಾರರು. ಅವರಿಗೆ ತಲೆಭಾಗ ಎತ್ತರಿಸಬಲ್ಲ ಮಂಚ ಬೇಕು. ಅತಿ ಎತ್ತರದ ಮಂಚದಿಂದ ನಡುರಾತ್ರಿ ಇಳಿಯುವಾಗ ಬೀಳುವ ಅಪಾಯವಿದೆ. ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟ್, ಕಿರುಗುಟ್ಟುವ ಟ್ರಾಲಿಯ ಚಕ್ರಗಳು ನಿದ್ದೆ ಕೆಡಿಸುತ್ತವೆ. ಚಕ್ರಕ್ಕೆ ಒಂದಿಷ್ಟು ಎಣ್ಣೆ, ವಾರ್ಡಿಗೊಂದು ಮಂದದೀಪ, ಬೆಂಚಿಗೆ ಕೈಯಾಸರೆ: ಇವುಗಳ ವೆಚ್ಚ ಒಂದು ಸ್ಕ್ಯಾನಿಂಗ್ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ.

ಹಿತದ ಹೆಸರಿನಲ್ಲಿ ಸ್ವಚ್ಛತೆಯನ್ನು ಬಲಿಗೊಡಬೇಕೆಂದು ಇದರರ್ಥವಲ್ಲ. ಬಟ್ಟೆ ಹೊದಿಸಿದ ಸೋಫಾ, ರೆಕ್ಸಿನ್ ಹರಿದು ಸ್ಪಂಜು ಹೊರಬಂದ ಆಸನಗಳಲ್ಲಿ ಸೋಂಕಿನ ಕಣಗಳು ಮನೆಮಾಡುತ್ತವೆ. ಒರೆಸಿ ತೊಳೆಯಲು ಬರುವ ನಯವಾದ ಮೇಲ್ಮೈಯೇ ಆಸ್ಪತ್ರೆಗೆ ಒಪ್ಪುವುದು. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕಾಯಕಲ್ಪ’ ಯೋಜನೆ ಸ್ವಚ್ಛತೆ, ಸೋಂಕು ನಿಯಂತ್ರಣಗಳಿಗೆ ಅಂಕ ನೀಡಿ ಸಾರ್ವಜನಿಕ ಆಸ್ಪತ್ರೆಗಳನ್ನು ಪ್ರೋತ್ಸಾಹಿಸುತ್ತದೆ. 2017ರ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯ ಗುಣಮಟ್ಟದ ಜತೆ ತಾಯಿಯ ಘನತೆಗೂ ಒತ್ತು ಕೊಟ್ಟಿತು. ಎರಡು ಮಂಚಗಳ ನಡುವಿನ ಪರದೆ ಅಲಂಕಾರವಲ್ಲ, ಮಾನರಕ್ಷಣೆ ಎಂಬ ವಿವೇಕ ಅದರಲ್ಲಿದೆ. ಅದೇ ವಿವೇಕ ಹೊರರೋಗಿಗಳ ಪಡಸಾಲೆಗೂ ಸಾಮಾನ್ಯ ವಾರ್ಡಿಗೂ ವಿಸ್ತರಿಸಬೇಕು.

ಇದಕ್ಕೆ ಪರದೇಶದತ್ತ ನೋಡಲೇಬೇಕೆಂದೇನಿಲ್ಲ. ಹಾಸನ ಸೀಮೆಯ ಹಳೆಯ ತೊಟ್ಟಿಮನೆಗಳ ತೊಟ್ಟಿ ಗಾಳಿ-ಬೆಳಕನ್ನು ಮನೆಯೊಳಕ್ಕೆ ಕರೆಯುತ್ತಿತ್ತು. ಜಗಲಿ ದಣಿದು ಬಂದವರಿಗೆ, ಗುರುತಿಲ್ಲದವರಿಗೂ, ನೆರಳಿನ ಆಸನವಾಗಿತ್ತು. ಬಂದವರನ್ನು ಮೊದಲು ಕೂರಿಸಿ ಆಮೇಲೆ ಮಾತನಾಡಿಸುವ ಆ ಸಂಸ್ಕಾರವನ್ನು ನಮ್ಮ ಸರ್ಕಾರಿ ಕಟ್ಟಡಗಳು ಕಲಿಯಬೇಕಿದೆ. ತಾಲ್ಲೂಕು ಆಸ್ಪತ್ರೆಗೆ ಪೀಠೋಪಕರಣ ಕೊಳ್ಳುವ ಮುನ್ನ ಟೆಂಡರಿನ ಕನಿಷ್ಠ ದರವನ್ನಷ್ಟೇ ನೋಡದೆ, ರಾತ್ರಿ ಪಾಳಿಯ ದಾದಿಯರನ್ನೂ ಸ್ವಚ್ಛತಾ ಸಿಬ್ಬಂದಿಯನ್ನೂ ರೋಗಿಯ ಕಡೆಯವರನ್ನೂ ಕೇಳಲಿ. ಆರೋಗ್ಯ ರಕ್ಷಾ ಸಮಿತಿಗಳ ಸಭೆಯಲ್ಲಿ ಇದೂ ಒಂದು ವಿಷಯವಾಗಲಿ. ಔಷಧಿ ಕಾಯಿಲೆಯನ್ನು ಗುಣಪಡಿಸಬಹುದು. ಕಾಯಿಲೆಯವನನ್ನು ಮನುಷ್ಯನೆಂದು ಗೌರವಿಸುವುದು ಅವನಿಗೆ ಕೊಡುವ ಆಸನದಿಂದಲೇ ಆರಂಭವಾಗಬೇಕು.